ಕೊನೆ ಬೆಂಚಿನ ಲೆಕ್ಕ

ಶಿಡ್ಲಘಟ್ಟ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತದ ಮೇಷ್ಟ್ರು. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಮೊದಲ ಪೀರಿಯಡ್‌ನಲ್ಲೇ ಬೆಂಚಿಗೆ ತಲೆ ಹಾಕಿ ಮಲಗಿಬಿಡುತ್ತಿದ್ದ. ಮೊದಮೊದಲು ಬೈದೆ. ಆಮೇಲೆ ಅವನ ಮನೆಗೆ ಹೋದೆ. ಅವರದು ರೇಷ್ಮೆ ಸಾಕಣೆ. ಹುಳು ಆಗಷ್ಟೇ ನಾಲ್ಕನೇ ಜ್ವರದಿಂದ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಕೊನೇ ಸರದಿಯಿಂದ, ಎದ್ದಿದ್ದವು. ಆ ಏಳೆಂಟು ದಿನ ಎಷ್ಟು ಸೊಪ್ಪು ಹಾಕಿದರೂ ಸಾಲದು. ರಾತ್ರಿಯೂ ಹಾಕಬೇಕು, ಬೆಳಗಿನ ಜಾವವೂ ಹಾಕಬೇಕು. ಸರಿ, ಕಾರಣ ಸಿಕ್ಕಿತು ಅಂದುಕೊಂಡೆ.

ಆದರೆ ಗೂಡು ಮಾರ್ಕೆಟ್ಟಿಗೆ ಹೋದ ಮೇಲೂ ಅವನ ಗಮನ ಪಾಠಕ್ಕೆ ಬರಲಿಲ್ಲ. ನಿದ್ದೆ ಬಿಟ್ಟು ಕಿಟಕಿ ನೋಡುತ್ತಿದ್ದ, ಅಷ್ಟೇ.

ಒಂದು ದಿನ ಸುಮ್ನೆ ಕೇಳಿದೆ: "100 ಮೊಟ್ಟೆಗೆ 70 ಕೆಜಿ ಗೂಡು ಬಂದ್ರೆ, 150ಕ್ಕೆ ಎಷ್ಟಪ್ಪಾ?" ಇಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗುಂಪು.

"ನೂಟೈದು ಸಾರ್" ಅಂದ, ತಕ್ಷಣ. ಮನೆಮಾತು ತೆಲುಗು, ನೂರೈದು ಅಂತ ಅರ್ಥ.

ಅದನ್ನೇ ಬೋರ್ಡಿನ ಮೇಲೆ ಭಿನ್ನರಾಶಿಯಾಗಿ ಬರೆದೆ. ಚಾಕ್‌ಪೀಸ್ ಹಿಡಿದ ಅವನ ಕೈ ಅಲ್ಲೇ ನಿಂತಿತು. ಒಂದೂವರೆ ಅವನಿಗೆ ಚೆನ್ನಾಗಿ ಗೊತ್ತು. 3ರ ಕೆಳಗೆ ಗೆರೆ ಎಳೆದು 2 ಬರೆದರೆ ಅದೂ ಒಂದೂವರೆಯೇ ಅಂತ ಗೊತ್ತಿಲ್ಲ. ಐದನೇ ಕ್ಲಾಸಿನಲ್ಲಿ ಬಿಟ್ಟುಹೋದದ್ದು ಬಿಟ್ಟೇಹೋಗಿತ್ತು. ಜೂನ್‌ನಲ್ಲಿ ಸೇತುಬಂಧ, ಅಂದರೆ ಹಿಂದಿನ ಕ್ಲಾಸಿನ ಕೊರತೆ ತುಂಬುವ ಪಾಠ, ಮಾಡುತ್ತೇವೆ ನಿಜ. ಆದರೆ ಪಕ್ಕದವನನ್ನು ನೋಡಿ ಬರೆದವನ ಕೊರತೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅರ್ಥವಾಗದ್ದನ್ನು ನಾಲ್ಕು ವರ್ಷ ದಿನಾ ಕೂತು ಕೇಳೋದು ಎಂಥ ಹಿಂಸೆ ಅಲ್ವಾ? ಆ ವಯಸ್ಸಿನಲ್ಲಿ ಹುಡುಗಿಯರ ಮುಂದೆ "ಗೊತ್ತಿಲ್ಲ ಸಾರ್" ಅನ್ನೋದಕ್ಕಿಂತ "ಇಷ್ಟ ಇಲ್ಲ ಸಾರ್" ಅನ್ನೋದೇ ಸುಲಭ.

ಮಾರನೇ ದಿನ ಎಲ್ಲರಿಗೂ ಚೀಟಿ ಕೊಟ್ಟೆ. ಹೆಸರು ಬೇಡ, ಲೆಕ್ಕ ತಲೆಗೆ ಹತ್ತೋದು ಯಾವಾಗ ನಿಂತಿತು ಬರೀರಿ ಅಂದೆ. ಜಾಸ್ತಿ ಜನ ಬರೆದದ್ದು ಭಿನ್ನರಾಶಿ, ಭಾಗಾಕಾರ. ಒಂದರಲ್ಲಿ "ಮಗ್ಗಿ ಬರಲಿಲ್ಲ ಅಂತ ಎಲ್ಲರ ಮುಂದೆ ಹೊಡೆದ ದಿನದಿಂದ" ಅಂತಿತ್ತು. ಆ ಚೀಟಿ ಈಗಲೂ ನನ್ನ ಡೈರಿಯಲ್ಲಿದೆ.

ಪೋರ್ಷನ್ ಹಿಂದೆ ಬೀಳುತ್ತೆ ಅನ್ನೋ ಹೆದರಿಕೆ ನನಗೂ ಇತ್ತು. ಆದರೂ ಆರು ವಾರ, ದಿನಾ 15 ನಿಮಿಷ, ಐದನೇ ಕ್ಲಾಸಿನ ಲೆಕ್ಕಕ್ಕೇ ಕೊಟ್ಟೆ. ಮೊಟ್ಟೆ, ಸೊಪ್ಪಿನ ಹೊರೆ, ಗೂಡಿನ ರೇಟು, ಇವೇ ಲೆಕ್ಕಗಳು. ಮೊದಲು ಬಾಯಲ್ಲಿ, ಆಮೇಲೆ ಬೋರ್ಡಿನಲ್ಲಿ. ತೆಲುಗಿನಲ್ಲಿ ಹೇಳಿದರೂ ಸರಿ. ಬೋರ್ಡಿಗೆ ಇಬ್ಬಿಬ್ಬರನ್ನೇ ಕರೆಯುತ್ತಿದ್ದೆ. ತಪ್ಪಾದರೆ ಒಬ್ಬನ ತಲೆ ಮೇಲೇ ಬೀಳಬಾರದು.

ಎಲ್ಲರೂ ತಿರುಗಿ ಬರಲಿಲ್ಲ. ಇಬ್ಬರು ದಸರಾ ರಜೆ ಮುಗಿದ ಮೇಲೆ ಶಾಲೆ ಕಡೆ ತಲೆಯೇ ಹಾಕಲಿಲ್ಲ. ಎರಡೆರಡು ಸಲ ಮನೆಗೆ ಹೋಗಿ ಬಂದೆ. ಆ ಸಂಕಟ ಹಾಗೇ ಇದೆ.

ಈ ಹುಡುಗ ಈಗ ಹತ್ತನೇ ಕ್ಲಾಸು. ಹುಳು ನಾಲ್ಕನೇ ಜ್ವರಕ್ಕೆ ಕೂತಾಗಲೇ ಬಂದು ಹೇಳುತ್ತಾನೆ. ಆ ವಾರದ ಟೆಸ್ಟ್ ಅವನಿಗೆ ಮುಂದಕ್ಕೆ ಹಾಕುತ್ತೇನೆ.