ಮ್ಯೂಸಿಯಂ ಉಪನ್ಯಾಸಕ್ಕೆ ಹೋಗಿ, ಬಳ್ಳಾರಿ ಅಂತಲೇ ಹೇಳಿ

ರಜೆಗೆ ಬಳ್ಳಾರಿಗೆ ಬಂದಿದ್ದೇನೆ. ಇಂಗ್ಲೆಂಡಿಗೆ ಹೊರಟ ನಮ್ಮ ಕಡೆಯ ಹುಡುಗ ಹುಡುಗಿಯರು ದಿನಾ ಏನಾದರೂ ಕೇಳುತ್ತಿರುತ್ತಾರೆ. ಬ್ಯಾಂಕ್ ಖಾತೆ, ಡಾಕ್ಟರ್ ಹತ್ತಿರ ನೋಂದಣಿ, ಬಾಡಿಗೆ ಕರಾರು ಎಲ್ಲ ಆಫೀಸಿನವರೇ ಹೇಳಿಕೊಡುತ್ತಾರೆ, ಬಿಡಿ. ಶನಿವಾರ ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಜೋಳದ ಹಿಟ್ಟು ಹುಡುಕಿಕೊಂಡು ಅಂಗಡಿ, ಆಮೇಲೆ ನಮ್ಮವರ ಮನೆಯಲ್ಲಿ ಒಗ್ಗರಣೆ ಮಿರ್ಚಿ. ಹೀಗೇ ವರ್ಷಗಳು ಕಳೆಯುತ್ತವೆ.

ನೀವಿರುವ ಊರಿನ ಮ್ಯೂಸಿಯಂನಲ್ಲಿ ಉಪನ್ಯಾಸ ಇದೆಯಾ ನೋಡಿ. ಚಿತ್ರಕಲೆ, ಪರ್ವತಾರೋಹಣ, ಧ್ರುವ ಯಾತ್ರೆ, ಏನಾದರೂ ಇರುತ್ತದೆ. ಎಷ್ಟೋ ಕಡೆ ಪುಕ್ಕಟೆ. ಸೀಟು ಮೊದಲೇ ಬುಕ್ ಮಾಡಿ. ಆರಕ್ಕೆ ಅಂದರೆ ಆರಕ್ಕೇ ಶುರು. ದೀಪ ಬೆಳಗುವುದಿಲ್ಲ, ಶಾಲು ಹೊದಿಸುವುದಿಲ್ಲ, ಅಧ್ಯಕ್ಷರ ಭಾಷಣವಿಲ್ಲ. ಏಳಕ್ಕೆ ಹೋದರೆ ಖಾಲಿ ಕುರ್ಚಿ ಜೋಡಿಸಿಡುವುದನ್ನು ನೋಡಬಹುದು, ಅಷ್ಟೇ.

ಅಲ್ಲಿ ಎಂಥಾ ಕಥೆ ಸಿಗುತ್ತವೆ ಗೊತ್ತಾ? ಧ್ರುವ ಯಾತ್ರಿಕ ಶ್ಯಾಕಲ್ಟನ್ ತಂಡದ ಫೋಟೋಗ್ರಾಫರ್ ಫ್ರ್ಯಾಂಕ್ ಹರ್ಲಿ ಕಥೆಯನ್ನೇ ತಗೊಳ್ಳಿ. 1915ರಲ್ಲಿ ಅಂಟಾರ್ಕ್ಟಿಕಾದ ಮಂಜುಗಡ್ಡೆ ಅವರ ಎಂಡ್ಯೂರೆನ್ಸ್ ಹಡಗನ್ನು ಹಿಂಡುತ್ತಿತ್ತು. ಹರ್ಲಿ ಒಳಗಿನ ತಣ್ಣೀರಿಗೆ ಇಳಿದು ಗಾಜಿನ ನೆಗೆಟಿವ್‌ಗಳನ್ನು ಎತ್ತಿ ತಂದ. ಎಲ್ಲ ಹೊರುವುದು ಸಾಧ್ಯವಿರಲಿಲ್ಲ. ಶ್ಯಾಕಲ್ಟನ್ ಜೊತೆ ಕೂತು ಸುಮಾರು 120 ಆರಿಸಿಕೊಂಡು, ಉಳಿದ 400ರಷ್ಟನ್ನು ಅಲ್ಲೇ ಒಡೆದುಬಿಟ್ಟ. ಆಮೇಲೆ ಮನಸ್ಸು ಬದಲಾಗಬಾರದಲ್ವಾ, ಅದಕ್ಕೆ.

ಅದೇ 1915ರಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಕಣ್ಣಿಗೆ ಒಂದು ಬಂಡೆ ಬಿತ್ತು. ಅದರ ಮೇಲೆ ಅಶೋಕ ಅನ್ನೋ ಹೆಸರೇ ಇತ್ತು. ಅದಕ್ಕೂ ಮೊದಲು ಸಿಕ್ಕಿದ್ದ ಅವನ ಶಾಸನಗಳಲ್ಲಿ 'ದೇವಾನಾಂಪ್ರಿಯ' ಅನ್ನೋಂಥ ಬಿರುದುಗಳೇ ಇದ್ದದ್ದು. ನನ್ನ ಮಗಳಿಗೆ ಹರ್ಲಿ ಗೊತ್ತು, ಮಸ್ಕಿ ಗೊತ್ತಿಲ್ಲ. ತಪ್ಪು ಅವಳದ್ದಲ್ಲ.

ಉಪನ್ಯಾಸ ಮುಗಿದ ಮೇಲೆ ಚಹಾ ಬಿಸ್ಕೆಟ್ ಇದ್ದರೆ ಓಡಿ ಹೋಗಬೇಡಿ. ಅಲ್ಲೇ ಪಕ್ಕದವರು ಮಾತಿಗಿಳಿಯುವುದು. ಯಾವ ಊರು ಅಂತ ಕೇಳುತ್ತಾರೆ. ನಮ್ಮವರೆಲ್ಲ ಸುಮ್ನೆ 'ಬೆಂಗಳೂರು' ಅಂದುಬಿಡುತ್ತಾರೆ. ನನಗೆ ಮೈ ಉರಿಯುವುದು ಇಲ್ಲೇ. ಮುನ್ನೂರು ಕಿಲೋಮೀಟರ್ ದೂರದ ಊರನ್ನು ನಮ್ಮದು ಅನ್ನೋದು ಯಾಕೆ? ಬಳ್ಳಾರಿ ಅನ್ನಿ, ಕೊಪ್ಪಳ ಅನ್ನಿ. ಎಲ್ಲಿದೆ ಅಂತ ಮತ್ತೆ ಕೇಳುತ್ತಾರೆ, ಕೇಳಲಿ. ಆಗ ಹೇಳೋಕೆ ಏನಾದರೂ ಇಟ್ಟುಕೊಂಡಿರಿ. ಕೊಪ್ಪಳದವರಿಗೆ ಹಿರೇಬೆಣಕಲ್‌ನ ಕಲ್ಲುಗೋರಿಗಳಿವೆ. ಬಳ್ಳಾರಿಯವರಿಗೆ ಶಿಲಾಯುಗದ ಜನ ಬದುಕಿದ್ದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಿವೆ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಗುಡ್ಡಗಳನ್ನು ಹತ್ತಿ ಕಲ್ಲಿನ ಕೊಡಲಿಗಳನ್ನು ಆಯ್ದದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಅವನ ಹೆಸರಿನ ಮ್ಯೂಸಿಯಂ ಬಳ್ಳಾರಿಯಲ್ಲೇ ಇದೆ. ಇಲ್ಲಿ ಎಷ್ಟು ಮನೆಯವರು ಮಕ್ಕಳನ್ನು ಕರೆದುಕೊಂಡು ಹೋಗಿದ್ದಾರೋ!

ಹಾಗಾಗಿ ವಿಮಾನ ಹತ್ತುವ ಮೊದಲು ಆ ಮ್ಯೂಸಿಯಂ ನೋಡಿ, ಆಮೇಲೆ ಗುಡ್ಡಕ್ಕೆ ಹೋಗಿ. ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಉದ್ದ ಕೊಂಬಿನ ದನಗಳಿವೆ. ಕೆಲವು ಬಂಡೆಗಳನ್ನು ಸಣ್ಣ ಕಲ್ಲಿನಿಂದ ತಟ್ಟಿದರೆ ಗಂಟೆ ಹಾಗೆ ಠಣ್ ಅನ್ನುತ್ತವಂತೆ. ನೀವು ಮಾತ್ರ ಚಿತ್ರದ ಮೇಲೆ ತಟ್ಟಬೇಡಿ, ಕ್ವಾರಿಯವರು ಹಾಳು ಮಾಡಿದ್ದೇ ಸಾಕು. ಬೆಳಗ್ಗೆ ಬೇಗ ಹೊರಡಿ, ನೀರು ಜಾಸ್ತಿ ತಗೊಳ್ಳಿ, ದಾರಿ ಗೊತ್ತಿರುವ ಊರಿನವರೊಬ್ಬರು ಜೊತೆಗಿರಲಿ.