ಕಥೆ ಮುಗಿದ ಮೇಲಿನ ಹತ್ತು ನಿಮಿಷ

ಜನ ತಮ್ಮ ಬದುಕಿನ ಕಥೆ ಹೇಳುವ ಕಥೆ ರಾತ್ರಿಯನ್ನೂ ಮಾತಿಲ್ಲದೆ ಧ್ಯಾನಕ್ಕೆ ಕೂರುವ ಮೌನ ಶಿಬಿರವನ್ನೂ ಒಂದೇ ಕಡೆ ತರಬೇಡ, ಎರಡೂ ಕೆಡುತ್ತವೆ ಅಂತ ನನಗೆ ಹೇಳದವರಿಲ್ಲ. ಶಿಬಿರ ನಡೆಸುವ ಹಿರಿಯರು "ಒಮ್ಮೆ ಮಾತು ಶುರುವಾದರೆ ಮೌನ ಕೈಗೆ ಸಿಗಲ್ಲ" ಅಂದರು. ಕಥೆ ಕೂಟದ ಗೆಳೆಯರು "ಕಣ್ಣು ಮುಚ್ಚಿ ಕೂತವರ ಮುಂದೆ ಯಾರು ಕಥೆ ಹೇಳ್ತಾರೆ?" ಅಂದರು. ಆದರೂ ಎರಡನ್ನೂ ಸೇರಿಸಿದೆ. ಈಗ ಒಟ್ಟು ಏಳು ಶಿಬಿರ ಆಗಿವೆ. ಕಳೆದ ನಾಲ್ಕರಲ್ಲಿ ಒಬ್ಬರೂ ಅರ್ಧಕ್ಕೆ ಎದ್ದು ಹೋಗಿಲ್ಲ. ಈ ಕೆಲಸ ಮಾಡುವವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೊದಲು ನಡೆಸಿದ್ದು ಬರೀ ಕಥೆ ರಾತ್ರಿ. ನ್ಯೂಯಾರ್ಕಿನಲ್ಲಿ 1997ರಲ್ಲಿ ಶುರುವಾದ ದಿ ಮಾತ್ ಅನ್ನೋ ಕಥೆ ಹೇಳುವ ಕೂಟದ ಕ್ರಮವೇ ನನ್ನದೂ. ನಿಜವಾದ ಕಥೆ, ನಿಮ್ಮದೇ ಕಥೆ, ಚೀಟಿ ನೋಡೋ ಹಾಗಿಲ್ಲ. ಅವರ ಸ್ಪರ್ಧೆಗಳಲ್ಲಿ ಐದು ನಿಮಿಷದ ಮಿತಿ ಇದೆ, ಅಂಕವೂ ಇದೆ. ನಾನು ಅಂಕವನ್ನೂ ತಂದುಕೊಂಡೆ. ಅದು ನನ್ನ ಮೊದಲ ತಪ್ಪು. ಗೆಲ್ಲಬೇಕು ಅಂತ ಬಂದವರು ಒಬ್ಬರಿಗಿಂತ ಒಬ್ಬರು ಜಾಸ್ತಿ ನೋವಿನ ಕಥೆ ಹೇಳತೊಡಗಿದರು. ಮೂರನೇ ರಾತ್ರಿ ಒಬ್ಬಾಕೆ ಮಗುವನ್ನು ಕಳೆದುಕೊಂಡದ್ದನ್ನು ಹೇಳಿ ಮುಗಿಸಿದಳು. ಮುಂದಿನ ಸಾಲಿನವರು ಕಣ್ಣೊರೆಸಿಕೊಳ್ಳುತ್ತಲೇ ಅಂಕದ ಹಲಗೆ ಎತ್ತಿದರು. ಆ ಹಲಗೆಗಳನ್ನು ಮರುದಿನವೇ ಬಿಸಾಡಿದೆ.

ಅಂಕ ಹೋದರೂ ಜನ ಕರಗುತ್ತಲೇ ಹೋದರು. ಮೊದಲ ರಾತ್ರಿ ಅರವತ್ತರ ಹತ್ತಿರ ಇದ್ದರು, ಆರನೇ ರಾತ್ರಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಬಿಟ್ಟವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಯಾರೂ ಬೇಜಾರಾಯ್ತು ಅನ್ನಲಿಲ್ಲ. "ತುಂಬಾ ಚೆನ್ನಾಗಿತ್ತು, ಆದ್ರೆ ಮನೆಗೆ ಬಂದ ಮೇಲೆ ಎರಡು ದಿನ ನಿದ್ದೆ ಬರಲಿಲ್ಲ" ಅಂದರು. ನಾನು ಜನರ ಎದೆಯ ಮೇಲೆ ಭಾರ ಹೇರಿ ಮನೆಗೆ ಕಳಿಸುತ್ತಿದ್ದೆ. ಅದನ್ನು ಇಳಿಸಿಕೊಳ್ಳೋದು ಹೇಗೆ ಅಂತ ಹೇಳಿಕೊಡುತ್ತಿರಲಿಲ್ಲ.

ಮನೋವಿಜ್ಞಾನಿಗಳಾದ ಓಲ್ಗಾ ಕ್ಲಿಮೆಕಿ, ಟಾನಿಯಾ ಸಿಂಗರ್ ಮತ್ತವರ ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಇನ್ನೊಬ್ಬರ ನೋವನ್ನು ತಮ್ಮದೇ ಅನ್ನೋ ಹಾಗೆ ಅನುಭವಿಸುವ ತರಬೇತಿ ಪಡೆದವರಿಗೆ ಸಂಕಟ ಹೆಚ್ಚಾಯಿತು. ಅವರಿಗೇ ಆಮೇಲೆ ಕರುಣೆಯ ತರಬೇತಿ ಕೊಟ್ಟಾಗ ಮನಸ್ಸು ಮತ್ತೆ ಮೇಲೆದ್ದಿತು. ನೋವು ಅಂಟಿಕೊಳ್ಳೋದು ಬೇರೆ, ನೋವಿದ್ದವರಿಗೆ ಒಳ್ಳೆಯದಾಗಲಿ ಅಂತ ಮನಸ್ಸು ಚಾಚೋದು ಬೇರೆ. ನನ್ನ ರಾತ್ರಿಗಳಲ್ಲಿ ಮೊದಲನೆಯದು ಮಾತ್ರ ಆಗುತ್ತಿತ್ತು.

ಸರಿ, ಕರುಣೆ ಬೆಳೆಸೋಕೆ ಮೌನ ಶಿಬಿರವನ್ನೇ ಮಾಡೋಣ ಅಂತ ಹೊರಟೆ. ಇಲ್ಲಿ ಕೈ ಸುಟ್ಟುಕೊಂಡೆ. ಧ್ಯಾನ ಗುರು ಎಸ್. ಎನ್. ಗೋಯಂಕಾ ಪರಂಪರೆಯಲ್ಲಿ ಮೌನವಾಗಿ ಕೂತು ಕಲಿಯುವ ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರಗಳಲ್ಲಿ ಶುಲ್ಕ ಇಲ್ಲ. ಒಂದು ಶಿಬಿರ ಪೂರ್ತಿ ಮುಗಿಸಿದವರಿಂದ ಮಾತ್ರ ದಾನ ತಗೊಳ್ಳುತ್ತಾರೆ. ನಾನೂ ಹಾಗೇ ಮಾಡಿದೆ. ಅವರ ಬೆನ್ನಿಗೆ ಎಷ್ಟೋ ದಶಕಗಳ ಹಳೆಯ ಸಾಧಕರಿದ್ದಾರೆ, ನನ್ನ ಬಳಿ ಇದ್ದದ್ದು ಹದಿನಾಲ್ಕು ಜನ ಅನ್ನೋದನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಕೊನೆಯ ದಿನ ಉಳಿದವರು ಒಂಬತ್ತು. ಪೆಟ್ಟಿಗೆಗೆ ಬಿದ್ದದ್ದು ಖರ್ಚಿನ ಮೂರರಲ್ಲೊಂದು ಪಾಲು. ಜಾಗದ ಬಾಡಿಗೆ ಮುಂಗಡವಾಗಿ ಹೋಗಿತ್ತು, ಅದೇ ಒಟ್ಟು ಖರ್ಚಿನ ಅರ್ಧಕ್ಕಿಂತ ಜಾಸ್ತಿ. ಆ ಸಾಲ ತೀರಿಸೋಕೆ ಒಂದೂವರೆ ವರ್ಷ ಬೇಕಾಯಿತು.

ಆ ಐದು ಜನ ಎದ್ದು ಹೋದದ್ದಕ್ಕೆ ನಾನೇ ಕಾರಣ. ಕರುಣೆ ಬೆಳೆಯಬೇಕಾದರೆ ಕಷ್ಟದ ಕಡೆಯಿಂದಲೇ ಶುರು ಮಾಡಬೇಕು ಅಂದುಕೊಂಡು, ಮೊದಲ ಸಂಜೆಯೇ "ನಿಮಗೆ ಅನ್ಯಾಯ ಮಾಡಿದವರನ್ನು ನೆನೆಯಿರಿ" ಅಂದೆ. ಒಬ್ಬರು ಬೆಳಗಾಗುವ ಮೊದಲೇ ಚೀಲ ಹೆಗಲಿಗೇರಿಸಿದ್ದರು. 5ನೇ ಶತಮಾನದಲ್ಲೇ ಬೌದ್ಧ ಪಂಡಿತ ಬುದ್ಧಘೋಷ ವಿಸುದ್ಧಿಮಗ್ಗ ಅನ್ನೋ ಗ್ರಂಥದಲ್ಲಿ, ಒಬ್ಬೊಬ್ಬರಿಗೂ ಒಳ್ಳೆಯದಾಗಲಿ ಅಂತ ಬಯಸುವ ಮೈತ್ರಿ ಧ್ಯಾನಕ್ಕೆ ಸ್ಪಷ್ಟ ಕ್ರಮ ಹೇಳಿದ್ದಾನೆ. ಮೊದಲು ನೀನು, ಆಮೇಲೆ ನೀನು ಗೌರವಿಸುವವರು, ಪ್ರೀತಿಸುವವರು, ಆಮೇಲೆ ಬೇಕೂ ಅಲ್ಲ ಬೇಡವೂ ಅಲ್ಲ ಅನ್ನುವವರು, ಕೊನೆಗೆ ಶತ್ರು. ತೀರಿಕೊಂಡವರನ್ನು ಈ ಧ್ಯಾನಕ್ಕೆ ತಗೊಳ್ಳಲೇಬಾರದು ಅಂತಲೂ ಇದೆ. ಇದನ್ನೆಲ್ಲ ಓದಿಯೂ ನಾನು ದಾಟಿ ಹೋಗಿದ್ದೆ.

ಎರಡನೇ ಶಿಬಿರದಲ್ಲಿ ಕ್ರಮ ಸರಿ ಮಾಡಿಕೊಂಡೆ. ಯಾರೂ ಓಡಲಿಲ್ಲ. ಆದರೆ "ಬೇಕೂ ಅಲ್ಲ ಬೇಡವೂ ಅಲ್ಲ" ಅನ್ನೋ ಮೆಟ್ಟಿಲಿಗೆ ಬಂದಾಗ ಎಲ್ಲರೂ ತೂಕಡಿಸಿದರು. ನಡೆಸುವವರೆಲ್ಲ ಇದನ್ನು ಕಂಡಿರುತ್ತೀರಿ. ಪ್ರೀತಿಸುವವರಿಗೆ ಒಳ್ಳೆಯದು ಬಯಸೋದು ಸುಲಭ, ಶತ್ರುವಿನ ಹೆಸರು ಹೇಳಿದರೆ ನಿದ್ದೆಯೇ ಹಾರುತ್ತದೆ. ಮಧ್ಯದವನಿಗೆ ಮುಖವೇ ಇಲ್ಲ, ಅವನಿಗೆ ಏನಂತ ಬಯಸೋದು?

ಆ ಮಧ್ಯಾಹ್ನ ಕೋಣೆಯ ಹಿಂದೆ ಕೂತಿದ್ದಾಗ ಹೊಳೆಯಿತು. ಕಥೆ ಹೇಳುವವನೇ ಆ ಮಧ್ಯದವನು. ಅವನು ನಿಮಗೆ ಬಂಧುವಲ್ಲ, ಶತ್ರುವೂ ಅಲ್ಲ. ಅವನಿಗೊಂದು ಮುಖ, ಒಂದು ದನಿ, ಒಂದು ದಿನದ ಬದುಕು ಕೊಟ್ಟರೆ ಸಾಕು. ಹಾಗಾದರೆ ಕಥೆ ರಾತ್ರಿ ಬರಬೇಕಾದದ್ದು ಶಿಬಿರದ ಮೊದಲೂ ಅಲ್ಲ, ಕೊನೆಗೂ ಅಲ್ಲ. ಸರಿಯಾಗಿ ಆ ಮೆಟ್ಟಿಲಿನ ಮೇಲೆ.

ಈಗ ಮಾಡೋದು ಹೀಗೆ. ಒಟ್ಟು ನಾಲ್ಕು ದಿನ, ಮೂರು ರಾತ್ರಿ. ಜನ ಮೂವತ್ತೈದಕ್ಕೆ ನಿಲ್ಲಿಸುತ್ತೇನೆ. ಮೊದಲ ದಿನ ತಮ್ಮ ಮೇಲೆ, ಎರಡನೇ ದಿನ ಹತ್ತಿರದವರ ಮೇಲೆ, ಪೂರ್ತಿ ಮೌನ. ಎರಡನೇ ಸಂಜೆ ಕಥೆ. ಬರೀ ಮೂರು ಕಥೆ, ಒಂದೊಂದು ಏಳು ನಿಮಿಷ. ಮೊದಲು ಐದು ಕಥೆ ಇಟ್ಟಿದ್ದೆ, ನಾಲ್ಕನೆಯದಕ್ಕೆ ಕಿವಿ ಮುಚ್ಚಿಹೋಗುತ್ತಿತ್ತು. ಒಂದೊಂದು ಕಥೆಯ ನಂತರ ಹತ್ತು ನಿಮಿಷ ಮೌನ. ಚಪ್ಪಾಳೆ ಇಲ್ಲ, ಸಲಹೆ ಇಲ್ಲ, "ನನಗೂ ಹೀಗೇ ಆಗಿತ್ತು" ಅನ್ನೋ ಹಾಗಿಲ್ಲ. ಆ ಹತ್ತು ನಿಮಿಷ ಎಲ್ಲರ ಮೈತ್ರಿ ಧ್ಯಾನ ಆ ಒಬ್ಬರ ಮೇಲೆ.

ಈ ಹತ್ತು ನಿಮಿಷ ಸುಮ್ನೆ ಬಂದದ್ದಲ್ಲ. ಎರಡು ನಿಮಿಷ ಬಿಟ್ಟು ನೋಡಿದೆ, ಜನ ಮುಂದಿನ ಕಥೆಗೆ ಕಾಯುತ್ತಾರೆ ಅಷ್ಟೇ. ಇಪ್ಪತ್ತು ಬಿಟ್ಟರೆ ಕಥೆ ಹೇಳಿದವರು ಚಡಪಡಿಸುತ್ತಾರೆ. ಹತ್ತರಲ್ಲಿ ಏಳನೇ ನಿಮಿಷದ ಹೊತ್ತಿಗೆ ಕೋಣೆಯ ಉಸಿರೇ ಬದಲಾಗುತ್ತದೆ, ಬಾಗಿಲಲ್ಲಿ ನಿಂತವರಿಗೂ ಅದು ತಿಳಿಯುತ್ತದೆ. ಕಥೆ ಸೇರಿಸಿದ ಶಿಬಿರಗಳಲ್ಲಿ ಇದು ತಪ್ಪಿದ್ದು ಒಂದೇ ಸಲ.

ಕಥೆ ಹೇಳುವವರನ್ನು ಮೊದಲೇ ಸಿದ್ಧ ಮಾಡಿ. ಒಣಗಿದ ಗಾಯದ ಕಥೆ ಸಾಕು, ಹಸಿ ಗಾಯದ್ದು ಬೇಡ ಅನ್ನೋದು ನಮಗೆಲ್ಲ ಗೊತ್ತಿರೋದೇ. ನನಗೆ ಗೊತ್ತಿಲ್ಲದೇ ಇದ್ದದ್ದು, ಚಪ್ಪಾಳೆ ಬಾರದ ಮೌನ ಎಷ್ಟು ಹೆದರಿಸುತ್ತದೆ ಅನ್ನೋದು. ಮೂರನೇ ಶಿಬಿರದಲ್ಲಿ ಒಬ್ಬರು ಕಥೆ ಮುಗಿಸಿ ಕೂತರು. ಕೈಯಲ್ಲಿದ್ದ ಕರವಸ್ತ್ರವನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಆಮೇಲೆ ಹಿತ್ತಲಿಗೆ ಹೋಗಿ ಅತ್ತರು. "ಯಾರಿಗೂ ಇಷ್ಟ ಆಗಲಿಲ್ಲ ಅಲ್ವಾ?" ಅಂದರು. ನನಗೆ ಬಹಳ ನೋವಾಯಿತು. ಈಗ ವಾರ ಮೊದಲೇ ಅವರನ್ನು ಕೂರಿಸಿ, ಕಥೆ ಹೇಳಿಸಿ, ಆ ಹತ್ತು ನಿಮಿಷವನ್ನೂ ಅವರೊಂದಿಗೆ ಕೂತು ಕಳೆಯುತ್ತೇನೆ. ಮೂವರಲ್ಲಿ ಮೊದಲು ಯಾರು ಹೇಳಬೇಕು ಅಂತ ತೀರ್ಮಾನಿಸೋಕೆ ಅವರಿಗೆ ಒಂದು ಪ್ರಶ್ನೆ ಕೇಳುತ್ತೇನೆ. ಆ ಪ್ರಶ್ನೆ ನನ್ನಲ್ಲೇ ಇರಲಿ. ನಾಲ್ಕು ಶಿಬಿರ ಅದರ ಮೇಲೆ ನಿಂತಿದೆ.

ಮಧ್ಯೆ ಬೇರೆ ಬೇರೆ ಪ್ರಯೋಗವನ್ನೂ ಮಾಡಿದೆ. ದೀಪ ಆರಿಸಿ ಕತ್ತಲಲ್ಲಿ ಕಥೆ ಹೇಳಿಸಿದೆ. ಹೇಳುವವರಿಗೆ ಹಗುರ, ಕೇಳುವವರಿಗೆ ನಿದ್ದೆ. ಹಿಂದಿನ ಶಿಬಿರದ ಕಥೆಯನ್ನು ಧ್ವನಿಮುದ್ರಣದಲ್ಲಿ ಕೇಳಿಸಿದೆ. ಅದೇ ಕಥೆ, ಅದೇ ದನಿ, ಆದರೂ ಕೋಣೆ ಅಲ್ಲಾಡಲಿಲ್ಲ. ಜೋಡಿಯಾಗಿ ಕೂತು, ಇನ್ನೊಬ್ಬರ ಕಥೆಯನ್ನು "ನಾನು" ಅಂತಲೇ ತಿರುಗಿ ಹೇಳೋದು ಮಾತ್ರ ಗಾಢವಾಗಿ ತಟ್ಟಿತು. ಆದರೆ ಒಬ್ಬರು ಆ ಕಥೆಯನ್ನು ಹೊರಗೂ ಹೇಳಿಬಿಟ್ಟರು. ಇನ್ನೊಬ್ಬರ ಬದುಕು ಬೀದಿಗೆ ಬಿತ್ತು. ಕ್ಷಮೆ ಕೇಳಿ, ಆ ಪ್ರಯೋಗ ನಿಲ್ಲಿಸಿದೆ.

ಶಿಬಿರದ ನಂತರಕ್ಕೆ, ಮೊದಲು ಹೇಳಿದ ಟಾನಿಯಾ ಸಿಂಗರ್ ಅವರ ತಂಡ ಧ್ಯಾನದ ಪರಿಣಾಮ ಪರೀಕ್ಷಿಸಿದ ರಿಸೋರ್ಸ್ ಅನ್ನೋ ಸಂಶೋಧನಾ ಯೋಜನೆಯಿಂದ ಒಂದು ಅಭ್ಯಾಸವನ್ನು ತಗೊಂಡಿದ್ದೇನೆ. ಫೋನಿನಲ್ಲಿ ಇಬ್ಬರು, ದಿನಕ್ಕೆ ಹತ್ತು ನಿಮಿಷ. ಐದು ನಿಮಿಷ ಒಬ್ಬರು ಮಾತಾಡುತ್ತಾರೆ, ಇನ್ನೊಬ್ಬರು ಹೂಂ ಕೂಡ ಅನ್ನದೆ ಕೇಳುತ್ತಾರೆ. ಆಮೇಲೆ ಅದಲುಬದಲು. ನಮ್ಮಲ್ಲಿ ಮೊದಲ ತಿಂಗಳು ಮೂರರಲ್ಲಿ ಎರಡು ಪಾಲು ಜನ ಬಿಡದೆ ಮಾಡುತ್ತಾರೆ. ಮೂರನೇ ತಿಂಗಳಿಗೆ ಒಂದು ಪಾಲು ಉಳಿದರೆ ಹೆಚ್ಚು.

ದುಡ್ಡಿನ ವಿಷಯಕ್ಕೆ ಬಂದರೆ, ಜಾಗದ ಬಾಡಿಗೆಯ ಪಾಲನ್ನು ಎಲ್ಲರಿಂದ ಮೊದಲೇ ತಗೊಳ್ಳುತ್ತೇನೆ. ಉಳಿದದ್ದು ಪೆಟ್ಟಿಗೆ. ಪೆಟ್ಟಿಗೆ ಯಾರೂ ಕೂರದ ಕೋಣೆಯಲ್ಲಿರುತ್ತದೆ, ಯಾರು ಎಷ್ಟು ಹಾಕಿದರು ಅಂತ ನನಗೂ ಗೊತ್ತಾಗಬಾರದು. ನಾಲ್ಕನೇ ಶಿಬಿರದಲ್ಲಿ ಖರ್ಚು ಸರಿದೂಗಿತು. ಆಮೇಲಿನವುಗಳಲ್ಲಿ ಖರ್ಚಿಗಿಂತ ಸುಮಾರು ಕಾಲು ಪಾಲು ಜಾಸ್ತಿಯೇ ಬಂದಿದೆ. ಆ ಕಾಲು ಪಾಲಿನಲ್ಲಿ ಮುಂದಿನ ಶಿಬಿರಕ್ಕೆ ಐದಾರು ಜನರನ್ನು ಶುಲ್ಕವಿಲ್ಲದೆ ಕರೆಯುತ್ತೇನೆ. ಮೈಕ್ ಬಾಡಿಗೆಗೆ ದುಡ್ಡು ಹಾಕಬೇಡಿ. ಮೂವತ್ತೈದು ಜನಕ್ಕೆ ಮೈಕ್ ಬೇಡ, ದನಿ ಸಣ್ಣದಾದರೆ ಜನ ಮುಂದಕ್ಕೆ ಬಾಗಿ ಕೇಳುತ್ತಾರೆ.

ಕಳೆದ ಶಿಬಿರದಲ್ಲಿ ಕಥೆ ಹೇಳಿದ ಹೆಂಗಸೊಬ್ಬರು ಮಾತಿನ ಮಧ್ಯೆ ತಮಗೆ ಎಡಗಿವಿ ಕೇಳಲ್ಲ ಅಂದಿದ್ದರು. ಕಥೆ ಅದರ ಬಗ್ಗೆ ಅಲ್ಲ, ಬಂದು ಹೋದ ಒಂದು ವಾಕ್ಯ ಅಷ್ಟೇ. ನಾಲ್ಕನೇ ದಿನ ಮೌನ ಮುರಿಯಿತು. ಎಲ್ಲರೂ ಒಟ್ಟಿಗೆ ಮಾತಿಗೆ ಶುರು ಹಚ್ಚಿದರು. ನಾನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ. ಅವರ ಬಳಿ ಬಂದವರೆಲ್ಲ, ಯಾರೂ ಹೇಳದೆ, ಒಂದು ಸುತ್ತು ಹಾಕಿ ಬಲಗಡೆಗೆ ಬಂದು ಕೂರುತ್ತಿದ್ದರು.