ಹಳೆ ಮಂಚ, ಬೀರು ಕೊಳ್ಳುವುದಾದರೆ ಮಳೆಗಾಲದಲ್ಲೇ ನೋಡಿ

ಕೊಡಗಿನಲ್ಲಿ ಸೆಕೆಂಡ್ ಹ್ಯಾಂಡ್ ಮಂಚ, ಬೀರು, ಊಟದ ಮೇಜಿಗೆ ಗಿರಾಕಿ ಇದ್ದೇ ಇರುತ್ತಾರೆ. ಹೋಂಸ್ಟೇ ನಡೆಸುವವರಿಗೆ ಹಳೆ ತೋಟದ ಮನೆಯ ಸೊಗಸು ಬೇಕು. ವರ್ಗವಾಗಿ ಬಂದ ನೌಕರರಿಗೆ ಎರಡು-ಮೂರು ವರ್ಷಕ್ಕಾಗಿ ಹೊಸದು ಕೊಳ್ಳುವುದು ದಂಡ. ದುಡ್ಡು ಉಳಿಯುವುದು ಸರಿ, ಆದರೆ ಇಲ್ಲಿ ಅದಕ್ಕಿಂತ ದೊಡ್ಡ ಕಾರಣ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ತೇವ. ಪಾರ್ಟಿಕಲ್ ಬೋರ್ಡ್ ಕಪಾಟು ಆ ತೇವ ಕುಡಿದು ಅಂಚಿನಲ್ಲಿ ಊದಿಕೊಳ್ಳುತ್ತದೆ. ಆಮೇಲೆ ಸ್ಕ್ರೂ ಕೂಡ ನಿಲ್ಲುವುದಿಲ್ಲ. ಬೀಟೆ, ತೇಗ, ಹಲಸಿನ ಹಳೆ ಮರ ಮಳೆಗೆ ಸ್ವಲ್ಪ ಹಿಗ್ಗಿ ಬೇಸಿಗೆಗೆ ಕುಗ್ಗುತ್ತದೆ, ಅಷ್ಟೆ. ಸೀಳುವುದು, ಸೊಟ್ಟಗಾಗುವುದು ಏನಿದ್ದರೂ ಹೆಚ್ಚಿನದು ಆಗಿ ಮುಗಿದಿರುತ್ತದೆ.

ಹಾಗಾಗಿ ಮೊದಲು ಕಾಲ ನೋಡಿ ಹೊರಡಿ. ಮಾರ್ಚ್‌ನಲ್ಲಿ ಎಂಥ ಡ್ರಾಯರೂ ಸಲೀಸಾಗಿ ಬರುತ್ತದೆ. ಜುಲೈನಲ್ಲಿ ಎಳೆದರೆ ನಿಜ ಗೊತ್ತಾಗುತ್ತದೆ. ಬೀರುವಿನೊಳಗೆ ಮೂಗಿಟ್ಟು ಮುಗ್ಗಲು ವಾಸನೆ ಇದೆಯಾ ನೋಡಿ. ಹೊಸ ಪಾಲಿಶ್‌ನ ಘಾಟು ಬಂದರೆ ಅನುಮಾನ ಇನ್ನೂ ಜಾಸ್ತಿ ಇರಲಿ.

ನಂತರ ಮಗುಚಿ ಹಾಕಿ. ಅಡಿಭಾಗಕ್ಕೆ ಪಾಲಿಶ್ ಹೊಡೆಯುವವರು ಕಡಿಮೆ, ಮರದ ಅಸಲಿ ಬಣ್ಣ ಅಲ್ಲೇ ಸಿಗುವುದು. ಬಣ್ಣ ಬಳಿದ ಸಿಲ್ವರ್ ಓಕ್ ದೂರದಿಂದ ಬೀಟೆಯೇ ಅನ್ನಿಸಬಹುದು. ಎತ್ತಿದರೆ ತಿಳಿಯುತ್ತದೆ, ಬೀಟೆ ಭಾರ. ಕಾಲಿನ ಬುಡದಲ್ಲಿ ಗುಂಡುಸೂಜಿ ತಲೆಯಷ್ಟು ತೂತುಗಳಿದ್ದರೆ ಗಾಬರಿ ಬೇಡ. ಹುಳು ಯಾವಾಗಲೋ ಹೊರಟುಹೋಗಿರಬಹುದು. ತೂತು ಒರೆಸಿ, ಕೆಳಗೆ ಕಪ್ಪು ಕಾಗದ ಹಾಸಿ, ನಾಲ್ಕು ದಿನ ಬಿಟ್ಟು ಬನ್ನಿ. ಕಾಗದದ ಮೇಲೆ ಮೈದಾದಂಥ ನುಣ್ಣನೆ ಹುಡಿ ಬಿದ್ದಿದ್ದರೆ ಹುಳು ಇನ್ನೂ ಒಳಗೇ ಇದೆ. ಮಾರುವವರು ಅಷ್ಟು ದಿನ ಕಾಯಲ್ಲ ಅಂದರೆ ಆ ಮಂಚದ ಆಸೆ ಬಿಡಿ. ಮಣ್ಣಿನ ಗೆರೆ ಕಂಡರಂತೂ ಗೆದ್ದಲು, ಅಲ್ಲಿಂದಲೇ ವಾಪಸ್ ಬನ್ನಿ.

ಕುರ್ಚಿಯ ಬೆತ್ತ ಹರಿದಿದ್ದರೆ ಹೊಸದಾಗಿ ಹೆಣೆಸಬಹುದು. ಅಲ್ಲಾಡುವ ಕಾಲನ್ನು ಆಚಾರಿ ಸರಿಮಾಡುತ್ತಾರೆ. ಎರಡನ್ನೂ ಚೌಕಾಸಿಗೆ ಬಳಸಿಕೊಳ್ಳಿ. ಪರದೆ, ಚಾದರ ತರಬಹುದು, ಬಿಸಿ ನೀರಿನಲ್ಲಿ ಒಗೆದರಾಯಿತು. ಹಾಸಿಗೆ, ಸ್ಪಂಜಿನ ಸೋಫಾ ಮಾತ್ರ ಪುಕ್ಕಟೆ ಕೊಟ್ಟರೂ ಬೇಡ. ತಿಗಣೆ, ಬೂಷ್ಟು ಎರಡೂ ಮನೆಗೆ ಬರುತ್ತವೆ.

ದುಡ್ಡು ಕೊಡುವ ಮುಂಚೆ ನಿಮ್ಮ ಮನೆ ಬಾಗಿಲು, ಮೆಟ್ಟಿಲಿನ ತಿರುವು ಅಳೆದುಕೊಳ್ಳಿ. ಹಳೆ ಮನೆಗಳ ಬೀರು ಆ ಎತ್ತರದ ಮಾಡಿಗೆ ತಕ್ಕಂತೆ ಮಾಡಿಸಿದ್ದು, ಅಲ್ವಾ? ಬಿಚ್ಚಿ ಜೋಡಿಸಲು ಆಗುತ್ತದಾ ಕೇಳಿ. ಪಿಕಪ್ ಬಾಡಿಗೆ, ಇಳಿಸುವ ಕೂಲಿ ಸೇರಿಸಿ ಲೆಕ್ಕ ಹಾಕಿ. ತೋಟದ ಮಣ್ಣು ರಸ್ತೆಯಾದರೆ ಮುಂಗಡ ಕೊಟ್ಟಿಟ್ಟು, ಮಳೆ ಬಿಟ್ಟ ಮೇಲೆ ಸಾಗಿಸುವುದೇ ಸುಖ.

ತಂದ ಕೂಡಲೇ ಪಾಲಿಶ್ ಮಾಡಿಸಬೇಡಿ. ತೇವದ ಮರಕ್ಕೆ ಹೊಡೆದ ವಾರ್ನಿಷ್ ಬಿಳಿಚಿಕೊಳ್ಳುತ್ತದೆ. ಗಾಳಿ ಆಡುವ ನೆರಳಲ್ಲಿಟ್ಟು, ಚಳಿಗಾಲದಲ್ಲಿ, ಕಣದಲ್ಲಿ ಕಾಫಿ ಒಣಗುವ ಹೊತ್ತಿಗೆ ಆಚಾರಿಯನ್ನು ಕರೆಯಿರಿ. ಬೀರುವನ್ನು ಗೋಡೆಗೆ ತಾಗಿಸದೆ, ನಾಲ್ಕು ಬೆರಳು ಜಾಗ ಬಿಟ್ಟು ನಿಲ್ಲಿಸಿ.